ಗುಂಡುಸೂಜಿಯ ಭೂಪಟ

ಪೂನೋ ಬಂದರಿನಿಂದ ಬೆಳಗಿನ ದೋಣಿ.
ಮಡಿಲಲ್ಲಿ ಗೋಡೆನಕ್ಷೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಎಳೆಗೂಸಿನ ಹಾಗೆ ತಬ್ಬಿಕೊಂಡಿದ್ದೆ.
ನಾನು ನೆಲದವಳು.
ತಿತಿಕಾಕಾ ಸರೋವರದ ಮೇಲೆ ಜೊಂಡು ಹಾಸಿ, ಕೊಳೆತಂತೆ ಮತ್ತೆ ಹಾಸಿ
ಊರು ಮಾಡಿಕೊಂಡವರ ಶಾಲೆಗೆ ಮೂರನೇ ತರಗತಿಯ ಮೇಡಂ.
ಮೊದಲ ವಾರವೆಲ್ಲ ಕಪ್ಪುಹಲಗೆ ಹಿಡಿದುಕೊಂಡೇ ಪಾಠ;
ಕಾಲ ಕೆಳಗೆ ನೆಲ ಉಸಿರಾಡುತ್ತಿತ್ತು.
ಮಕ್ಕಳಿಗೆ ನಗು.

ಅಂಗಳದಲ್ಲಿ ಹುಟ್ಟು ನೆಟ್ಟು ದಿಕ್ಕು ಕಲಿಸಿದೆ.
ಸೂರ್ಯ ಮೂಡುವುದು ಮೂಡಣ, ಮುಳುಗುವುದು ಪಡುವಣ,
ನಡುಹಗಲಿಗೆ ನಮ್ಮಲ್ಲಿ ಬಡಗಣಕ್ಕೆ ವಾಲುತ್ತಾನೆ,
ನೆರಳು ಬೀಳುವುದು ತೆಂಕಣಕ್ಕೆ.
ಈಗ ಹೇಳಿ, ಶಾಲೆಯಿಂದ ನಿಮ್ಮ ಮನೆ ಯಾವ ದಿಕ್ಕು?
ಎಫ್ರಾಯಿನ್ ಬರೆದ: ನಿನ್ನೆ ಮೂಡಣ. ಇವತ್ತು ತೆಂಕಣ.
ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ.

ಸಂಜೆ ದೋಣಿ ಹತ್ತುವಾಗ ಕಂಡೆ:
ರಾತ್ರಿಯ ಗಾಳಿಗೆ ಹಗ್ಗ ಕಿತ್ತು
ಒಲೆ, ಕೋಳಿ, ಒಣಗಹಾಕಿದ ಲಂಗಗಳ ಸಮೇತ
ಅವನ ಮನೆ ಜರುಗಿ ನಿಂತಿತ್ತು, ತೆಂಕಣದಲ್ಲೇ.
ಬಾಗಿಲಲ್ಲಿ ಅವನ ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದಳು,
ಏನೂ ಆಗದವಳ ಹಾಗೆ.
ಮರುದಿನ ಸೊನ್ನೆಯ ಎಡಕ್ಕೆ ಎರಡು ಹಾಕಿದೆ:
ಇಪ್ಪತ್ತಕ್ಕೆ ಇಪ್ಪತ್ತು.

ಅಳತೆಯ ಪಾಠ ಇನ್ನೂ ಕಷ್ಟ.
ಮೀಟರು ಅಂದರೆ ಅವರಿಗೆ ಅಂಗಡಿಯ ಬಟ್ಟೆ.
ಸೆಂಟಿಮೀಟರಿಗೆ ಹತ್ತು ಹುಟ್ಟು ಎಂದು ಒಪ್ಪಿಸುವಷ್ಟರಲ್ಲಿ
'ಯಾರು ಹಾಕಿದ ಹುಟ್ಟು ಮೇಡಂ? ಅಪ್ಪನೋ, ನಾನೋ?'
ಗಂಟೆ ಹೊಡೆಯುವ ತನಕ ಜಗಳ.
ಕೊನೆಗೆ ಎಫ್ರಾಯಿನ್‌ನ ಅಜ್ಜಿ ಎಂದಾಯಿತು.
ಅವಳಿಗೆ ಅವಸರ ಗೊತ್ತಿಲ್ಲ.

ಒಂದು ಗುರುವಾರ ಗೋಡೆನಕ್ಷೆ ಬಿಚ್ಚಿದೆ.
ನೀಲಿಯ ನಡುವೆ ಗೀಟು, ಚುಕ್ಕಿ, ಗೀಟು, ಚುಕ್ಕಿ.
ಇದು ಗಡಿ. ಈಚೆ ಪೆರು, ಆಚೆ ಬೊಲಿವಿಯ.
ನೆಲಿದಾ ಲುಹಾನೋ ಎದ್ದು ಬಂದಳು,
ಹೊಲಿಗೆ ಮುಟ್ಟಿ ನೋಡುವಂತೆ ಬೆರಳಾಡಿಸಿದಳು.
'ಯಾವ ಗರಗಸ ಮೇಡಂ?'
ಏನು?
'ಇಷ್ಟುದ್ದ ಕೊಯ್ಯಲು. ನಮ್ಮ ಮನೆಯದು ಒಂದಾಳುದ್ದ ಅಷ್ಟೇ.'
ನೀರನ್ನು ಯಾರೂ ಕೊಯ್ದಿಲ್ಲ ಮಗು, ಬರೀ ಗೆರೆ.
'ಕೊಯ್ಯದಿದ್ದರೆ ಬೇರೆಯಾಗುವುದು ಹೇಗೆ?'

ಅವಳ ಪುಸ್ತಕದಲ್ಲಿ ಅವಳ ದ್ವೀಪ:
ಆರು ಗುಡಿಸಲು, ಒಂದು ಅಟ್ಟಣೆ, ಬಾತುಕೋಳಿಯ ಗೂಡು,
ಅಡುಗೆಮನೆಗೂ ದೊಡ್ಡಪ್ಪನ ಬಾಗಿಲಿಗೂ ನಡುವೆ
ಗೀಟು, ಚುಕ್ಕಿ, ಗೀಟು, ಚುಕ್ಕಿ.
'ಇದು ಭಾನುವಾರಕ್ಕೆ.'
ಸೋಲಾರ್ ಹಲಗೆಯ ವಿಷಯಕ್ಕೆ ಮಾತು ಬಿಟ್ಟಿದ್ದಾರಂತೆ
ಅಪ್ಪ, ದೊಡ್ಡಪ್ಪ. 'ಇವರೂ ಅಣ್ಣತಮ್ಮಂದಿರಾ?'
ಎಂದು ಗೋಡೆಯತ್ತ ಗದ್ದ ಎತ್ತಿದಳು.
ಪಠ್ಯದಲ್ಲಿ ಇಸವಿ ಇತ್ತು.
ಕಾರಣ ಇರಲಿಲ್ಲ.

ಸೋಮವಾರ ಅವಳು ಒಂದು ದೋಣಿಯಲ್ಲಿ,
ದೊಡ್ಡಪ್ಪನ ಮಗ ವಿಲ್ಮರ್ ಇನ್ನೊಂದರಲ್ಲಿ.
ಬೆಂಚು ಮಾತ್ರ ಒಂದೇ; ನಮ್ಮಲ್ಲಿ ಇರುವುದೇ ನಾಲ್ಕು.

ಶಾಲೆಯ ಸುತ್ತಲಿನ ನಕ್ಷೆ ಮಾಡಿಸಿ, ತಿಂಗಳೊಳಗೆ ಕಳಿಸಿ
ಎಂದು ಕಚೇರಿಯ ಕಾಗದ.
ಬೂಟಿನ ಡಬ್ಬ ಕತ್ತರಿಸಿ ದ್ವೀಪಗಳಾದವು.
ಗೋಂದು ತೆಗೆದಾಗ ಎಫ್ರಾಯಿನ್ ಕೈ ಅಡ್ಡ ಹಿಡಿದ.
ಸರಿ, ಗುಂಡುಸೂಜಿ.
ನೆಲಿದಾ ತನ್ನ ರಟ್ಟನ್ನು ತಾನೇ ಎರಡು ಮಾಡಿದಳು,
ಚುಕ್ಕಿ ತಪ್ಪದ ಹಾಗೆ, ನಾಲಿಗೆ ಕಚ್ಚಿಕೊಂಡು.
ಎರಡರ ನಡುವೆ ಎಷ್ಟು ಬಿಡಬೇಕು?
ಅಜ್ಜಿಯನ್ನೇ ಕರೆಸಿದೆವು.
ಆ ತುದಿಯಿಂದ ಈ ತುದಿಗೆ ಹುಟ್ಟು ಹಾಕಿ ಬಂದು
ಪಾವಟಿಗೆ ಮೇಲೆ ಕೂತಳು:
'ಇಪ್ಪತ್ತು. ಕೂಗಿದರೆ ಕೇಳುವಷ್ಟೇ.'
ಎರಡು ಸೆಂಟಿಮೀಟರು.
ವಿಲ್ಮರ್ ಸೂಜಿ ಚುಚ್ಚಿದ.
ಸಂಕೇತಗಳ ಪಟ್ಟಿಯಲ್ಲಿ ಹಗ್ಗ, ಗೂಟ, ಅಟ್ಟಣೆಗಳ ಕೆಳಗೆ
ನೆಲಿದಾ ಒಂದು ಪುಟ್ಟ ಕಿವಿ ಬರೆದಳು.

ಕಚೇರಿಯಿಂದ ಉತ್ತರ ಬಂದಿದೆ:
ಲಕೋಟೆಯಲ್ಲಿ ಮೂರು ದ್ವೀಪ ಕಳಚಿ ಬಿದ್ದಿದ್ದವು,
ಎಲ್ಲಿಗೆ ಸೇರಬೇಕೋ ತಿಳಿಯುತ್ತಿಲ್ಲ.
ಮುಂದಿನ ಸಲ ದಯವಿಟ್ಟು ಅಂಟಿಸಿ.