ಒಣ ನೊಣ

ದಿನಕ್ಕೆ ಇನ್ನೂರು ಜೀನ್ಸ್ ಪ್ಯಾಂಟಿನ
ಬಾಲದಾರ ಕತ್ತರಿಸುವ ಕೈ ಇದು.
ಪೀಸಿಗೆ ಇಷ್ಟು ಅಂತ ಲೆಕ್ಕ. ಬೆರಳ ಸಂದಿಯ ನೀಲಿ
ಸೋಪಿಗೂ ಹೋಗದು, ರಂಜಾನಿಗೂ ಹೋಗದು.
ಕೌಲ್ ಬಜಾರಿನಲ್ಲಿ ಕರೆಂಟು ಹೋದ ಮಧ್ಯಾಹ್ನ
ಇದೇ ಕೈಗೆ ಯಂಕೋಬಣ್ಣ ಒಂದು ಗಾಳ ಇಟ್ಟ,
ಗೋಧಿಕಾಳಿಗಿಂತ ತುಸು ದೊಡ್ಡದು.
"ಕತ್ತರಿಸಿದ್ದು ಸಾಕು ಮಾಬಮ್ಮ, ಈಗ ಕಟ್ಟು."

ಕಾಲುವೆಯ ಲಸ್ಕರಾಗಿ ಮೂವತ್ತು ವರ್ಷ ತೂಬು ತಿರುವಿದವನು.
ಮುನಿರಾಬಾದಿನಲ್ಲಿ ಯಾವನೋ ಇಂಜಿನಿಯರು ಬಿಟ್ಟುಹೋದ
ತಗಡಿನ ಡಬ್ಬಿಯಲ್ಲಿ ಸಿಕ್ಕಿದ್ದವಂತೆ ಮೂರು ನೊಣ.
ಸತ್ತವಲ್ಲ. ಹುಟ್ಟಿದವೂ ಅಲ್ಲ.
ಗರಿಯವು, ದಾರದವು.
ಒಂದನ್ನು ಮೀನು ಒಯ್ದಿತು, ಒಂದನ್ನು ಜಾಲಿಮುಳ್ಳು,
ಮೂರನೆಯದನ್ನು ಸುತ್ತು ಸುತ್ತು ಬಿಚ್ಚಿ ಕಲಿತನಂತೆ.
"ಒಣ ನೊಣ ಅಂತಾರ ಇದಕ್ಕ. ಮುಳುಗಬಾರದು.
ನೀರಿನ ಚರ್ಮದ ಮ್ಯಾಲ ನಿಂದರಬೇಕು,
ಕಾಲು ತೋಯ್ದಿಲ್ಲ ಅನ್ನಂಗ."

ಮಷೀನ್ ರಿಪೇರಿಯವನ ಇಕ್ಕಳ, ಹಿಡಿಕೆಗೆ ರಬ್ಬರ್ ಬ್ಯಾಂಡು,
ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೂತೆ.
ಮೊದಲು ಸುತ್ತಿದ್ದು ಜೀನ್ಸಿನ ದಾರ:
ನೊಣ ಹೋಗಿ ಜೀರುಂಡೆಯಾಯಿತು.
ಎರಡನೆಯದಕ್ಕೆ ಹಳೆ ಸೆರಗಿನ ರೇಷ್ಮೆ ಎಳೆ, ಜೇನುಮೇಣ ತಿಕ್ಕಿ.
ಎಳೆದೆ, ಹರಿಯಿತು. ಎಳೆಯದೆ ಬಿಟ್ಟೆ, ಬಿಚ್ಚಿತು.
ಹರಿಯುವುದಕ್ಕೂ ಬಿಚ್ಚುವುದಕ್ಕೂ ನಡುವೆ ಒಂದು ಬಿಗಿ ಇದೆ,
ಅದನ್ನು ಬೆರಳಿಗೆ ಬಾಯಿಂದ ಹೇಳಲಾಗದು.

ಕೋಳಿ ಅಂಗಡಿಯ ರಾಜಾವಲಿ ಪುಕ್ಕ ಪುಕ್ಕಟೆ ಕೊಟ್ಟ.
ಫಾರ್ಮ್ ಕೋಳಿಯದು ಮೆತ್ತಗೆ, ನೀರು ಕಂಡರೆ ಮಲಗಿಬಿಡುತ್ತದೆ.
ಬೇಕಾದದ್ದು ಜವಾರಿ ಹುಂಜದ ಕತ್ತಿನ ಗರಿ,
ಜಗಳಗಂಟನದು, ಒಂದೊಂದು ಎಳೆಯೂ ಸೆಟೆದದ್ದು.

ಮೈಗೆ ಏನು ಸುತ್ತಲಿ? ಪಿಂಜಾರರ ಮಗಳು ನಾನು,
ಹತ್ತಿ ಬಿಟ್ಟು ಇನ್ನೇನು ಹೊಳೆದೀತು?
ಅಪ್ಪನ ಬಿಲ್ಲು ಟೊಂಯ್ ಟೊಂಯ್ ಅನ್ನುವಾಗ
ಅಂಗಳದ ತುಂಬ ಹಾರುತ್ತಿತ್ತಲ್ಲ, ಹಾರಿದ್ದು ತೇಲದೇ
ಅಂದುಕೊಂಡು ಒಂದು ಚಿಟಿಕೆ ಹಿಂಜಿ ಹೊಸೆದೆ,
ಕೊಡದ ನೀರಿಗೆ ಬಿಟ್ಟೆ.
ಹತ್ತಿ ಕುಡಿಯಿತು, ಕುಡಿಯಿತು, ಇಳಿಯಿತು.
ಗಾಳಿಯಲ್ಲಿ ಹಗುರಾದದ್ದು ನೀರಲ್ಲೂ ಹಗುರ ಎಂದು
ಯಾರೂ ಮಾತು ಕೊಟ್ಟಿರಲಿಲ್ಲ.

ಯಂಕೋಬಣ್ಣ ನಕ್ಕು, ಹೆಗಲ ಕಂಬಳಿಯಿಂದ ಒಂದು ಎಳೆ ಕಿತ್ತ.
"ಮಳ್ಯಾಗ ಕುರಿ ಹುಡುಗ್ರು ಇದನ್ನ ಹೊದ್ದು ನಿಂತಿರ್ತಾರಲ್ಲ,
ಒಳಗ ನೀರು ಇಳೀತದೇನು?"
ಉಣ್ಣೆಯಲ್ಲಿ ಇನ್ನೂ ಜಿಡ್ಡಿತ್ತು, ಹಟ್ಟಿಯ ವಾಸನೆ.
ಮೇಣದ ದಾರಕ್ಕೆ ತಾನೇ ಅಂಟಿಕೊಂಡಿತು, ಕರ್ರಗೆ.

ಒಂಬತ್ತನೆಯದರಲ್ಲಿ ಗರಿ ನಿಂತಿತು, ಮೈ ನಿಂತಿತು,
ಗಾಳದ ಕಣ್ಣೇ ಮುಚ್ಚಿಹೋಯಿತು. ಎಳೆ ಪೋಣಿಸಲು ಜಾಗವಿಲ್ಲ.
ಹೊಲಿಗೆಗೆ ಅರ್ಧ ಇಂಚು ಬಿಡದ ಹೊಸ ಟೈಲರುಗಳನ್ನು
ಬೈಯುತ್ತಿದ್ದೆ ನಾನು, ಬೀದಿಗೆ ಕೇಳುವಂತೆ.
ಬ್ಲೇಡು ತೆಗೆದು, ಎಲ್ಲ ಬೋಳಿಸಿ,
ಗಾಳವನ್ನು ಮತ್ತೆ ಬತ್ತಲೆ ಮಾಡಿದೆ.

ಭಾನುವಾರ ಹಗರಿಗೆ ಹೋಗೋಣವೆಂದೆ.
"ಒಣ ನೊಣಕ್ಕ ಒಣ ಹೊಳಿ ಬ್ಯಾಡವ್ವಾ," ಅಂದ.
ಎಚ್ಚೆಲ್ಸಿ ಕಾಲುವೆಗೆ ನೀರು ಬಿಟ್ಟಿದ್ದರು.
ಸೇತುವೆಯ ಕೆಳಗೆ ನೆರಳು, ಸುಳಿ, ಸಣ್ಣ ಪಕ್ಕೆಮೀನು.
ಬಿದಿರ ಕೋಲು, ಹದಿಮೂರನೇ ನೊಣ. ಇಳಿಬಿಟ್ಟೆ.

ನಿಂತಿತು.
ಹಾಗೇ ನಿಂತು ಹೊರಟಿತು
ಹುಂಜದ ಜಗಳ, ಕುರಿಯ ಜಿಡ್ಡು, ಯಾರದೋ ಸೆರಗಿನ ಎಳೆ,
ನೀರಿಗೆ ಗೊತ್ತಾಗದ ಹಾಗೆ ನೀರ ಮೇಲೆ.
ಉಸಿರು ಬಿಡದೆ ಹನ್ನೊಂದರವರೆಗೆ ಎಣಿಸಿದೆ.
ಕೆಳಗಿಂದ ಒಂದು ಬಿಳಿಮೂತಿ ಬಂತು. ಮೂಸಿತು.
ಬಟ್ಟೆ ಮುಟ್ಟಿ, ಉಲ್ಟಾ ಮಾಡಿ, ಹೊಲಿಗೆ ನೋಡಿ,
ರೇಟು ಕೇಳಿ, ಬರ್ತೀನಿ ಅಂತ ಹೋಗುವ ಗಿರಾಕಿಯಂತೆ
ಹೋಯಿತು.

"ಬಂತಲ್ಲ!" ಅಂತ ಕೂಗಿದೆ ನಾನು.
"ಹೋತಲ್ಲ," ಅಂದ ಯಂಕೋಬಣ್ಣ.
ಇಬ್ಬರದೂ ಖರೆ.

ಸೋಮವಾರ ಮತ್ತೆ ಇನ್ನೂರು ಪೀಸು.
ಮೂವತ್ತೆರಡರ ಒಂದು ಪ್ಯಾಂಟಿನ ಪಾದದ ಮಡಿಕೆಯಲ್ಲಿ
ಹುಂಜದ ಗರಿಯ ಒಂದೆಳೆ ಸಿಕ್ಕಿಕೊಂಡಿತ್ತು, ಕೆಂಪಗೆ.
ಕತ್ತರಿ ಹತ್ತಿರ ಒಯ್ದೆ.
ಬಿಟ್ಟೆ. ಯಾವೂರಿಗೋ ಹೋಗಲಿ.