ಗುಂಬಕ್ಕೆ ಕೀಲೆಣ್ಣೆ

ಆರು ನಟ್ಟುಗಳೂ ಬಿಚ್ಚಿ ಬಕೆಟ್ಟಿನಲ್ಲಿವೆ,
ಗಾಲಿ ಮಾತ್ರ ಬರಲೊಲ್ಲದು.
ಹಲಗೆಯ ಮೇಲೆ ಜಾಕು, ಜಾಕಿನ ಮೇಲೆ ಅಚ್ಚು,
ಒದ್ದದ್ದಾಯಿತು, ಮರದ ಕೊಡತಿಯಿಂದ ಬಡಿದದ್ದಾಯಿತು.
ಹಿಡಿಯಲು ಏನೂ ಉಳಿಯದ ಮೇಲೂ ಹಿಡಿದಿದೆ,
ಉಡದ ಪಟ್ಟು.

ಬ್ರಿಟನಿಯ ಈ ತೀರದಲ್ಲಿ ಸಮುದ್ರ
ದಿನಕ್ಕೆರಡು ಸಲ ಹೊಲ ಬಿಟ್ಟುಕೊಡುತ್ತದೆ,
ಎರಡು ಸಲ ವಾಪಸು ಕೇಳುತ್ತದೆ.
ಸಿಂಪಿಯ ಚೀಲ ಮಗುಚಲು ಅಝೆನೋರ್
ಮೊಣಕಾಲುದ್ದ ನೀರಿಗೇ ಟ್ರ್ಯಾಕ್ಟರ್ ಇಳಿಸುವವಳು;
ಸಂಜೆ ಸಿಹಿನೀರಲ್ಲಿ ತೊಳೆಯುವವಳು, ಹೊರಗನ್ನು.
ಗಾಲಿಗೂ ಗುಂಬಕ್ಕೂ ನಡುವೆ ಕಾಗದದಷ್ಟು ಸಂದು.
ಅಲ್ಲಿಗೆ ಉಪ್ಪು ಮಾತ್ರ ಹೋಗುತ್ತದೆ.

ಇವತ್ತು ಪಂಕ್ಚರ್.
ಆಗಲೇ ದೂರದ ಗೂಟಗಳ ಬುಡ ಹೊಳೆಯತೊಡಗಿದೆ.

ಫೋನಿನಲ್ಲಿ ಗೊನೆರಿ, ಟ್ರ್ಯಾಕ್ಟರ್ ಮಾರಿದ ಮುದುಕ:
'ಬಡೀಬೇಡ. ನಟ್ಟು ಮತ್ತೆ ಹಾಕು, ಎರಡು ಸುತ್ತು ಸಡಿಲ ಬಿಡು.
ಕೆಳಗಿಳಿಸು. ಮೆಲ್ಲಗೆ ಓಡಿಸು,
ಎಡಕ್ಕೆ ತಿರುಗಿಸು, ಬಲಕ್ಕೆ, ಮತ್ತೆ ಎಡಕ್ಕೆ.
ಅದರ ಭಾರಾನೇ ಅದನ್ನ ಬಿಡಿಸುತ್ತೆ.'
ಮರಳ ಮೇಲೆ ಒಂದು ಸುತ್ತು, ಇನ್ನೊಂದು,
ಮೂರನೆಯದಕ್ಕೆ ಟಪ್,
ಅಕ್ರೋಟು ಒಡೆದ ಸದ್ದು.
ಸ್ಟೆಪ್ನಿ ಏರಿಸಿ ದಡ ಸೇರುವಾಗ
ಟ್ರೇಲರಿನ ಕೆಳಗೆ ಅಲೆ ಬಂದಿತ್ತು.

ಮರುದಿನ ಶೆಡ್ಡಿನಲ್ಲಿ ಗಾಲಿ ಬೋರಲಾಗಿ ಮಲಗಿತ್ತು.
ಬೆನ್ನಿನ ತುಕ್ಕು ಉಜ್ಜಿದಳು, ಬಿಳಿ ಬಣ್ಣದ ಗೀರುಗಳು ಎದ್ದವು:
ತೊಂಬತ್ತೆಂಟು, ತೊಂಬತ್ತೊಂಬತ್ತು, ಎರಡು ಸೊನ್ನೆ,
ಹೀಗೇ ಹನ್ನೊಂದರವರೆಗೆ, ಗೊನೆರಿಯ ಓರೆ ಅಕ್ಷರದಲ್ಲಿ.
ಅಕ್ಟೋಬರ್ ಬಂದರೆ ಕೆಡದ ಗಾಲಿಯನ್ನೂ ಬಿಚ್ಚಿ ಕೂರುತ್ತಿದ್ದ.
ಊರೇ ನಕ್ಕಿತ್ತು, ಇವಳೂ.
ಹನ್ನೊಂದರ ಆಚೆಗೆ ಇವಳ ವರ್ಷಗಳು,
ಅಲ್ಲಿ ಬರೇ ಕೆಂಪು.

ತಂತಿ ಬ್ರಷ್ಷು, ಹಳೇ ಅರಿವೆ,
ಆಮೇಲೆ ತಾಮ್ರ ಬೆರೆಸಿದ ಕೀಲೆಣ್ಣೆ,
ರೊಟ್ಟಿ ಹಂಚಿಗೆ ಸವರುವಷ್ಟು, ಅದಕ್ಕಿಂತ ಹೆಚ್ಚಲ್ಲ.
ಗುಂಬದ ಮುಖಕ್ಕೆ, ಅಂಚಿಗೆ.
ತಿರುಪಿಗೆ ತಾಗದಂತೆ ಬೆರಳು ಅಡ್ಡ ಹಿಡಿದಳು,
ಬಿಗಿಯಬೇಕಾದ್ದು ಒಣಗೇ ಬಿಗಿಯಲಿ.

ಒಂದು ಸಣ್ಣ ಕುಂಚ ಹುಡುಕಿ ತಂದು
ಹನ್ನೊಂದರ ಕೆಳಗೆ, ಸ್ವಲ್ಪ ಜಾಗ ಬಿಟ್ಟು,
ಈ ವರ್ಷವನ್ನು ಬರೆದಳು.
ಒಣಗುವಷ್ಟು ಪುರುಸೊತ್ತಿಲ್ಲ, ನಾಲ್ಕಕ್ಕೆ ಇಳಿತ.
ಹಸಿ ಬಣ್ಣದಲ್ಲೇ ಗಾಲಿ ಏರಿತು.
ಅಂಕಿ ಕದಡಿತೋ ಏನೋ,
ಮುಂದಿನ ಅಕ್ಟೋಬರಿಗೆ ಗೊತ್ತಾಗುತ್ತದೆ.