ನೆಲವೂ ಡೊಂಕು

ಆರು ಪಂಪಿನ ಒಡಲು, ಎರಕದ ಕಬ್ಬಿಣ.
ಒಂದೊಂದರ ಎರಡು ಗೋಡೆಗೂ ಎದುರುಬದುರು ಒಂದೊಂದು ತೂತು,
ಐವತ್ತೆರಡು ಮಿಲಿಮೀಟರು.
ಹದಿನೈದು ಮೈಕ್ರಾನು ಹೆಚ್ಚಾದರೆ ಸೈರಿಸುತ್ತಾರೆ,
ಒಂದು ಕಡಿಮೆಯಾದರೂ ಇಲ್ಲ.
ಮಾರೀನ್ ಚಹಾದ ಮಗ್ಗಿನಡಿಯಿಂದ ನಕ್ಷೆ ಎಳೆದು
"ಡ್ರಿಲ್ಲಿಂಗ್ ಮೆಷಿನ್ನಿಗೆ ಆಗುತ್ತಾ?" ಎಂದಳು,
ಆಗದೆಂದು ಗೊತ್ತಿದ್ದೂ.

ಡ್ರಿಲ್ಲು ಎಮ್ಮೆಯ ಜಾತಿ,
ಮೆತ್ತಗಿರುವ ಕಡೆಗೆ ಹೊರಳುತ್ತದೆ.
ರೀಮರು ಅದರ ಬೆನ್ನು ಬಿಡದ ಕರು:
ತಾಯಿ ಹೋದ ಹಾದಿಯನ್ನೇ ನುಣ್ಣಗೆ ನೆಕ್ಕುತ್ತದೆ,
ಹಾದಿ ತಪ್ಪಿದೆ ಎನ್ನುವುದಿಲ್ಲ.
ಎನ್ನುವುದು ಬೋರಿಂಗ್ ಬಾರು ಮಾತ್ರ,
ಬಾಯಲ್ಲಿ ಒಂದೇ ಹಲ್ಲುಳಿದ ಅಜ್ಜಿ,
ಯಾರ ಮಾತೂ ಕೇಳದೆ
ತನ್ನ ನಡುವನ್ನೇ ನಂಬಿ ತಿರುಗುವವಳು.

ಹ್ಯಾಲಿಫ್ಯಾಕ್ಸಿನ ಹೆಬಲ್ ತೊರೆಯ ಪಕ್ಕ
ಹೇಡನ್ ಬ್ಯಾರಕ್ಲಫ್ ಕಾರ್ಖಾನೆ ಮುಚ್ಚುತ್ತಿದ್ದ.
ಟಾರ್ಪಾಲಿನಡಿ ಮೂರು ಮೆಷಿನ್ನು,
ಮೂರಕ್ಕೂ ಬೆಲೆಯ ಚೀಟಿ.

ಹರಿಹರದಲ್ಲಿ ಲೇತಿನ ಮೇಲೆ ಕೈ ಕುದುರಿದವಳು ನಾನು,
ಮೊದಲು ಅದರ ಹತ್ತಿರವೇ ಹೋದೆ.
ಹೇಡನ್ ಕೆಮ್ಮಿದ.
ಹೌದು, ಒಂದು ಮಗ್ಗುಲಿಗೆ ಗೂನಿರುವ ಒಡಲು
ಚಕ್ಕಿನಲ್ಲಿ ತಿರುಗಿದರೆ ಶೆಡ್ಡೇ ಕುಣಿದೀತು.
ಒಂದು ತೂತು ಮುಗಿಸಿ ಮಗುಚಿ ಹಿಡಿದರೆ
ಎರಡನೆಯದು ಮೊದಲನೆಯದರ ಗುರುತೇ ಹಿಡಿಯದು.

ಜಿಗ್ ಬೋರರು ಎಷ್ಟು ಚೆಂದ!
ಮೇಜು ಕನ್ನಡಿ, ಗೆರೆ ಓದಲು ಪುಟ್ಟ ಮಸೂರ.
ಮಾರೀನ್ ಮೊಳದ ಟೇಪು ಹಿಡಿದು ನಿಟ್ಟುಸಿರಿಟ್ಟಳು:
ನಮ್ಮ ಒಡಲು ಎರಡೂ ಕಡೆ ಗೇಣು ಹೊರಗೆ.

ಉಳಿದದ್ದು ಅಡ್ಡ ಮಲಗಿ ಕೊರೆಯುವ ಮೆಷಿನ್ನು,
ಬಣ್ಣ ಎದ್ದ ಹಸಿರು, ಮೊಣಕಾಲಲ್ಲಿ ಎಣ್ಣೆ ಸೋರಿಕೆ.
"ಕೆಲಸ ಸುಮ್ಮನೆ ಕೂತಿರಲಿ, ಹಲ್ಲು ಸುತ್ತಲಿ,"
ಹೇಡನ್ ಅಷ್ಟೇ ಹೇಳಿದ್ದು.
ಬಾರು ಎರಡೂ ಗೋಡೆ ತೂರಿ
ಆಚೆ ಕಂಬದಲ್ಲಿ ತುದಿ ಊರುತ್ತದೆ,
ಹೊಳೆ ದಾಟಿ ದಡ ಹಿಡಿದ ಹಾಗೆ.

ಸ್ಪಿಂಡಲಿಗೆ ಡಯಲಿಟ್ಟು ಭುಜದಿಂದ ನೂಕಿದೆ.
ಮುಳ್ಳು ಎರಡು ಗೆರೆ ಸರಿಯಿತು,
ಬಿಟ್ಟೊಡನೆ ಎರಡು ಗೆರೆ ಹಿಂದಕ್ಕೆ ಬಂತು.
ಸರಿಯುವುದು ದೋಷವಲ್ಲ,
ವಾಪಸು ಬಾರದಿರುವುದು ದೋಷ.
ಕೈಚಕ್ರ ಕಾಲು ಸುತ್ತು ಬರಿದೇ ತಿರುಗುತ್ತಿತ್ತು.
ಅವನದನ್ನು ಮುಚ್ಚಿಡಲಿಲ್ಲ:
"ಯಾವಾಗಲೂ ಎಡಗಡೆಯಿಂದಲೇ ಬಾ.
ದಾಟಿ ಹೋದೆಯಾ, ಪೂರ್ತಿ ಹಿಂದೆ ಹೋಗು,
ಮತ್ತೆ ಎಡದಿಂದಲೇ."
ಅಳೆದೂ ಸುರಿದೂ ಅದನ್ನೇ ಕೊಂಡೆವು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.
ನಮ್ಮ ಶೆಡ್ಡಿನ ನೆಲ ನಿಜವಾಗಿಯೂ ಡೊಂಕು,
ಹಿಂದೆ ಉಣ್ಣೆ ತೊಳೆಯುತ್ತಿದ್ದ ಜಾಗ,
ಕಲ್ಲುಹಾಸು ಚರಂಡಿಯತ್ತ ಇಳಿಜಾರು.
ನಾಲ್ಕು ದಿನ ಬೆಣೆ ಬಡಿದೆವು.
ಮಟ್ಟಗುಳ್ಳೆ ನಡುವೆ ನಿಂತಿತು,
ಬ್ರೆಡ್ಡಿನ ಲಾರಿ ಹೋಯಿತು,
ಗುಳ್ಳೆ ಅದನ್ನು ನೋಡಲು ಬಾಗಿಲ ಕಡೆ ಸರಿಯಿತು.
ಹತ್ತು ಗಂಟೆಗೆ ಸೂರಿನ ಗಾಜಿಂದ ಬಿಸಿಲು,
ಒಂದು ಮಗ್ಗುಲು ಬೆಚ್ಚಗಾಗಿ
ಇಡೀ ಮೆಷಿನ್ನು ಕತ್ತು ಹೊರಳಿಸಿತು,
ಕೂದಲೆಳೆಯ ಹತ್ತನೇ ಒಂದು ಪಾಲು.

ಹಾಗಾಗಿ ಬೆಳಗಿನ ನಾಲ್ಕಕ್ಕೆ ಕೊರೆದೆವು,
ಲಾರಿಗಿಂತ, ಸೂರ್ಯನಿಗಿಂತ ಮೊದಲು,
ಕೋಟು ಹಾಕಿಕೊಂಡೇ.
ಕರಿ ಪುಡಿ ಉದುರಿತು.
ಕೊನೆಗೆ ಹಲ್ಲನ್ನು ಮುಂದೊತ್ತದೆ
ಅದೇ ಅಳತೆಯಲ್ಲಿ ಇನ್ನೊಮ್ಮೆ ಕಳಿಸಿದೆ.
ಏನೂ ಉಳಿದಿಲ್ಲ ಎಂದುಕೊಂಡ ಕಡೆಯೂ
ಚಿಟಿಕೆಯಷ್ಟು ಪುಡಿ ಬಂತು.

ಒಡಲನ್ನು ಕ್ರೇನಿಗೆ ನೇತು ಹಾಕಿ
ಕೆಳಗಿನ ತೂತಿಗೆ ನಾನು ಅಂಗೈ ಒತ್ತಿದೆ.
ಮಾರೀನ್ ಮೇಲಿನಿಂದ ಗೇಜು ಬಿಟ್ಟಳು.
ಅದು ಬೀಳಲಿಲ್ಲ.
ಹೋಗಲು ದಾರಿಯಿಲ್ಲದ ಗಾಳಿಯ ಮೇಲೆ ಕೂತು
ನಿಧಾನಕ್ಕೆ, ತೀರ ನಿಧಾನಕ್ಕೆ ಇಳಿಯಿತು.
ಅಂಗೈಗೆ ತಣ್ಣಗೆ ಏನೋ ಒತ್ತಿತು.
"ಕೈ ತೆಗಿಯೇ," ಎಂದಳು ಎರಡು ಸಲ.

ಐದು ಹೋದವು. ಮೂರನೆಯದು
ನಾಲ್ಕು ಮೈಕ್ರಾನು ದಾಟಿ
ಈಗ ಬಾಗಿಲಿಗೆ ಒರಗಿಸಿದ ಕಲ್ಲು.
ಶನಿವಾರ ಹೇಡನ್ ಬಂದ.
ಮೆಷಿನ್ನಿನ ಕಡೆ ತಿರುಗಿಯೂ ನೋಡದೆ
ಹೊಸ್ತಿಲಲ್ಲೇ ಬಗ್ಗಿ
ಆ ತೂತಿನೊಳಗೆ ಹೆಬ್ಬೆರಳಾಡಿಸಿ ಕೇಳಿದ:
"ಬಿಸಿಲಾ?"
"ಅಲ್ಲ," ಎಂದೆ, "ಹಸಿವು."